ಪತ್ರಾಸಿನ ಕೆಳಗೊಂದು ಮನಿ

ಎತ್ತು ಕಟ್ಟುವ ಜಾಗದಲ್ಲಿ ಮಂಚ ಬಿದ್ದು ಆರು ವರ್ಷವಾಗಿತ್ತು. ಗ್ವಾದಲಿ ಮಾತ್ರ ಕದಲಿರಲಿಲ್ಲ. ಹೊಟ್ಟು ಮೇವಿನ ಬದಲು ಚಿಗವ್ವ ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಅರ್ಧ ಚೀಲ ಜೋಳ ಇಟ್ಟುಕೊಂಡಿದ್ದಳು. ಎತ್ತಿನ ಹಗ್ಗ ಬಿಗಿಯುತ್ತಿದ್ದ ಗೂಟಕ್ಕೆ ಮೊಮ್ಮಗನ ಸಾಲಿ ಚೀಲ ಜೋತಾಡುತ್ತಿತ್ತು. ‘ನಾಕ್ ತಿಂಗಳ ಮಟ್ಟಿಗೆ ಅಂತ ಬಂದ್ವಿ ತಮ್ಮಾ’ ಎಂದು ಕಾಕಾ ಹೋದಾಗಲೆಲ್ಲ ಹೇಳುತ್ತಿದ್ದ. ಹೇಳುವ ದನಿಯಲ್ಲಿ ದುಃಖಕ್ಕಿಂತ ನಾಚಿಕೆಯೇ ಹೆಚ್ಚು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದಾಗ, ರೋಣ ತಾಲ್ಲೂಕಿನ ಹೊಳೆದಂಡೆಯ ನಮ್ಮ ಹಳೆಯ ಮಾಳಿಗೆ ಮನೆ ಮೂರು ದಿನ ನೀರಲ್ಲಿ ನಿಂತಿತ್ತು. ಬೀಳಲಿಲ್ಲ. ನೀರಿಳಿದು ಬಿಸಿಲು ಬಿದ್ದ ಮೇಲೆ ಬಿತ್ತು. ಮಣ್ಣಿನ ಗ್ವಾಡಿಯ ಸ್ವಭಾವವೇ ಅದು. ಸುತ್ತ ನೀರು ಇರುವತನಕ ನೀರಿನ ಒತ್ತಡವೇ ಅದನ್ನು ತಬ್ಬಿ ಹಿಡಿದಿರುತ್ತದೆ. ನೀರು ಸರಿದ ಮೇಲೆ ಒಳಗೆಲ್ಲ ನೆಂದು ಭಾರವಾದ ಮಣ್ಣಿಗೆ ಆನಿಕೆ ಇರುವುದಿಲ್ಲ. ಮನೆ ಬಿದ್ದ ರಾತ್ರಿ ಎಲ್ಲರೂ ಊರ ಮೇಲಿನ ಕಣದಲ್ಲಿದ್ದ ದನದ ಶೆಡ್ಡಿಗೆ ಬಂದರು. ಹತ್ತು ಫೂಟು ಅಗಲ, ಇಪ್ಪತ್ತು ಫೂಟು ಉದ್ದ, ಮುಂದೆ ಹತ್ತು ಫೂಟು ಎತ್ತರ, ಹಿಂದೆ ಎಂಟು. ಆರು ಕಬ್ಬಿಣದ ಪೈಪು, ಮೇಲೆ ಪತ್ರಾಸು, ಅಂದರೆ ತಗಡು. ಅಲ್ಲಿಗೂ ಮೊಣಕಾಲು ಮಟ ನೀರು ಬಂದು ಹೋಗಿತ್ತು. ಪೈಪಿನ ಮೇಲೆ ಅದರ ಕಂದು ಗೆರೆ ಇನ್ನೂ ಇದೆ.

ಆ ಶೆಡ್ಡನ್ನು ಮನೆ ಮಾಡುವ ಕೆಲಸ ಕಳೆದ ಸುಗ್ಗಿ ಮುಗಿದ ಮೇಲೆ ಶುರುವಾಯಿತು. ನಾನು ಅದರಲ್ಲಿ ಮಾಡಿದ್ದು ಎರಡೇ ಕೆಲಸ: ಅಳತೆ ಟೇಪು ಹಿಡಿದದ್ದು, ಕಾಗದ ಓದಿದ್ದು. ಈ ಬರಹ ಆ ಎರಡರಿಂದಲೇ ಹುಟ್ಟಿದ್ದು.

*

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ‘ಶೆಡ್’ ಎಂಬ ಮಾತಿಗೆ ಬಹಳ ಅರ್ಥಗಳಿವೆ. ಹೊಲದಾಗಿನ ಪಂಪಿನ ಶೆಡ್, ದನದ ಶೆಡ್, ಗಜೇಂದ್ರಗಡದ ಓಣಿಗಳಲ್ಲಿ ಮಗ್ಗದ ಶೆಡ್. ಇವೆಲ್ಲ ದುಡಿಮೆಯ ಶೆಡ್ಡುಗಳು. ಇನ್ನೊಂದು ಬಗೆಯದು ನೀರು ತಂದ ಶೆಡ್ಡು. ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಅಣೆಕಟ್ಟಿನಲ್ಲಿ ಹಿಡಿಯುವುದು 37.73 ಟಿಎಂಸಿ. ಅದು ತುಂಬಿ ಗೇಟು ಎತ್ತಿದಾಗ, ಅತ್ತ ಬೆಣ್ಣೆಹಳ್ಳವೂ ಸೊಕ್ಕಿದಾಗ, ಎರಡೂ ಕೂಡುವ ಮೆಣಸಗಿಯ ಸುತ್ತಮುತ್ತ, ಹೊಳೆಆಲೂರಿನ ಆಸುಪಾಸು, ನರಗುಂದದ ಕೊಣ್ಣೂರು, ಲಖಮಾಪುರದ ಕಡೆ ಊರು ಯಾವುದು ಹೊಳೆ ಯಾವುದು ತಿಳಿಯದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಹಾಗಾಯಿತು. 2019ರಲ್ಲಿ ಮತ್ತೆ ಆಯಿತು. ಕೊಣ್ಣೂರಿನ ಬಳಿ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯೇ ಕಡಿದುಹೋಯಿತು. ಎರಡೂ ಸಲ ಪರಿಹಾರವೆಂದು ಮೊದಲು ಎದ್ದದ್ದು ತಗಡಿನ ಶೆಡ್ಡು.

2009ರ ನಂತರ ಸರ್ಕಾರ ‘ಆಸರೆ’ ಹೆಸರಿನಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನೇ ಕಟ್ಟಿತು. ಗಟ್ಟಿ ಗೋಡೆ, ಕಾಂಕ್ರೀಟ್ ಚಾವಣಿ. ಆದರೂ ಎಷ್ಟೋ ಕಡೆ ಮನೆಗಳು ಖಾಲಿ ಉಳಿದು ಸುತ್ತ ಜಾಲಿ ಬೆಳೆಯಿತು. ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ, ಜೋಳದ ಕಣಿಕೆ ಒಟ್ಟಲು ಹಿತ್ತಲಿಲ್ಲ. ಹೋಗಿ ನೆಲೆಸಿದವರು ಮಾಡಿದ ಮೊದಲ ಕೆಲಸವೆಂದರೆ ಆ ಮನೆಯ ಮುಂದೆ ನಾಲ್ಕು ಪೈಪು ನೆಟ್ಟು ತಗಡು ಹೊದಿಸಿದ್ದು. ಶೆಡ್ಡಿನವರು ಮನೆ ಮಾಡಿಕೊಳ್ಳುತ್ತಿದ್ದರೆ, ಮನೆಯವರು ಶೆಡ್ಡು ಮಾಡಿಕೊಳ್ಳುತ್ತಿದ್ದರು. ನಕ್ಷೆ ಬರೆದವರಿಗೆ ಎರಡೂ ತಪ್ಪಾಗಿ ಕಂಡಿರಬೇಕು.

2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಸ್ವಲ್ಪ ಹಾನಿಯಾದದ್ದಕ್ಕೆ 50 ಸಾವಿರ ಎಂದು ನಿಗದಿಯಾಯಿತು. 5 ಲಕ್ಷ ಸಣ್ಣ ಮೊತ್ತವಲ್ಲ. ಆದರೆ ನಮ್ಮ ಮನೆಯ ಉತಾರ ಇನ್ನೂ ಅಜ್ಜನ ಹೆಸರಲ್ಲಿತ್ತು. ವಾರಸಾ ಮಾಡಿಸಿರಲಿಲ್ಲ. ಒಳಗಿದ್ದದ್ದು ನಾಲ್ಕು ಒಲೆ, ಕಾಗದದಲ್ಲಿದ್ದದ್ದು ಒಂದೇ ಮನೆ. ಬಂದ ಹಣ ನಾಲ್ಕು ಪಾಲಾದಾಗ ಯಾರ ಪಾಲಿಗೂ ಮನೆ ಬರಲಿಲ್ಲ. ಹೊಳೆಸಾಲಿನ ಅವಿಭಕ್ತ ಕುಟುಂಬಗಳಲ್ಲಿ ಇದು ನಮ್ಮೊಬ್ಬರ ಕಥೆಯಲ್ಲ. ಕಾಕಾ ತನ್ನ ಪಾಲಿನಿಂದ ಶೆಡ್ಡಿಗೆ ಮೂರು ಮಗ್ಗಲು ತಗಡು ಬಡಿಸಿ ಬಾಗಿಲು ಕೂಡಿಸಿದ. ಉಳಿದದ್ದು ಮಗಳ ಮದುವೆಗೆ ಹೋಯಿತು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ನಮ್ಮ ಜನಗಣತಿಯ ಲೆಕ್ಕದಲ್ಲಿ ತಗಡು ‘ಶಾಶ್ವತ’ ಸಾಮಗ್ರಿ, ಮಣ್ಣು ‘ತಾತ್ಕಾಲಿಕ’. ಗೋಡೆಯೂ ತಗಡು, ಚಾವಣಿಯೂ ತಗಡು ಆದರೆ ಅದು ಪಕ್ಕಾ ಮನೆ. ಅಂದರೆ ಮೂರು ತಲೆಮಾರು ಬಾಳಿದ ಅಜ್ಜನ ಮಣ್ಣಿನ ಗ್ವಾಡಿ ಸರ್ಕಾರದ ಕಣ್ಣಿಗೆ ತಾತ್ಕಾಲಿಕವಾಗಿತ್ತು. ಎತ್ತಿಗೆ ನೆರಳಾಗಲೆಂದು ಒಂದು ಮಧ್ಯಾಹ್ನದಲ್ಲಿ ನಿಲ್ಲಿಸಿದ ಶೆಡ್ಡು ಶಾಶ್ವತ. ಇದನ್ನು ಕಾಕಾನಿಗೆ ಹೇಳಿದೆ. ಅವನು ನಗಲಿಲ್ಲ. ‘ಖರೇನ ಐತಲ್ಲ, ಆರು ವರ್ಷ ಆತು’ ಎಂದ.

*

ಗೌಂಡಿ ಬಂದ ದಿನ ತಗಡು ಹೊಸದು ಹಾಕಬೇಕೇ, ಆರ್‌ಸಿಸಿ ಮಾಡಬೇಕೇ ಎಂಬ ಚರ್ಚೆ ನಮ್ಮಲ್ಲಿ ಜೋರಾಗಿತ್ತು. ಅವನು ಮೇಲೆ ನೋಡಲೇ ಇಲ್ಲ. ‘ಪತ್ರಾಸು ಆಮ್ಯಾಲೆ ನೋಡೂಣ್ರಿ, ಮೊದಲ ನೆಲಾ ಅಗದ ತೋರಸ್ರಿ’ ಎಂದ.

ರೋಣ-ನರಗುಂದದ ಎರಿ ಭೂಮಿ ಹತ್ತಿ, ಕಡಲೆ, ಬಿಳಿಜೋಳಕ್ಕೆ ತಾಯಿ, ಮನೆಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನಿಂತ ಗೋಡೆ ವರ್ಷಕ್ಕೊಮ್ಮೆ ಎದ್ದು ಕೂತು ಮಾಡುತ್ತದೆ. ಹೊಸ ಮನೆಗಳ ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಸೀಳನ್ನು ಗಿಲಾವಿನ ತಪ್ಪೆಂದು ಬೈಯುವವರುಂಟು. ಗಿಲಾವು ಪಾಪ ನೆಲದ ಸುದ್ದಿಯನ್ನು ಮೇಲಕ್ಕೆ ತಲುಪಿಸುತ್ತದೆ, ಅಷ್ಟೆ.

ತಗಡಿನ ಶೆಡ್ಡಿಗೆ ಈ ಕಾಟ ಗೊತ್ತೇ ಆಗುವುದಿಲ್ಲ. ಪೈಪು ಸ್ವಲ್ಪ ವಾಲಿದರೆ ತಗಡೂ ವಾಲುತ್ತದೆ, ಬಿರಿಯುವುದಿಲ್ಲ. ಅದಕ್ಕೇ ಶೆಡ್ಡಿನ ಪೈಪುಗಳನ್ನು ಎರಡು ಫೂಟು ಗುಂಡಿ ತೆಗೆದು ಹುಗಿದು ಬಿಟ್ಟಿರುತ್ತಾರೆ. ಆ ಸಾಲಿನಲ್ಲೇ ಇಟ್ಟಂಗಿಯ ಗೋಡೆ ಏರಿಸಿದ ದಿನದಿಂದ ಲೆಕ್ಕ ಬದಲಾಗುತ್ತದೆ. ಶೆಡ್ಡನ್ನು ಮನೆ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ: ಮೇಲೆ ಚಾವಣಿ ಇದೆ, ಸುತ್ತ ಗೋಡೆ ಕಟ್ಟಿದರೆ ಮುಗಿಯಿತು ಎಂಬ ಎಣಿಕೆ.

ಎರಿಯಲ್ಲಿ ಪಾಯ ಹಾಕುವ ನಮ್ಮ ಕಡೆಯ ರೂಢಿ ಸರಳ. ಎರಿ ಮುಗಿದು ಗರಸು ಸಿಗುವತನಕ ಅಗೆಯಬೇಕು. ನಮ್ಮ ಕಣದಲ್ಲಿ ಗರಸು ಐದು ಫೂಟಿಗೆ ಸಿಕ್ಕಿತು, ಪುಣ್ಯ. ಹತ್ತು ಹನ್ನೆರಡು ಫೂಟು ಹೋದರೂ ಎರಿಯೇ ಇರುವ ಜಾಗಗಳೂ ಇವೆ. ಅಂಥಲ್ಲಿ ತೋಡುವ ಖರ್ಚಿಗೆ ಇನ್ನೊಂದು ಶೆಡ್ಡು ಬರುತ್ತದೆ. ಅದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಉಪಾಯ ಒಂದಿದೆ. ನೆಲದಲ್ಲಿ ಕೊಳವೆಯಂಥ ತೂತು ಕೊರೆದು, ತಳದಲ್ಲಿ ಮಾತ್ರ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಸರಳು-ಕಾಂಕ್ರೀಟು ತುಂಬುವುದು. ಆಳವಾದ ಎರಿಯಲ್ಲಿ ಇದು ಕನಿಷ್ಠ 3.5 ಮೀಟರ್ ಇಳಿಯಬೇಕೆಂದು ಮಾನಕ ಹೇಳುತ್ತದೆ. ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೂ ತಳದ ಗಡ್ಡೆ ಬಿಡುವುದಿಲ್ಲ.

ಅದರ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಬರಗಾಲಕ್ಕೆಂದು ನೆಲದೊಳಗೆ ಇಟ್ಟ ಬ್ಯಾಂಕು. ತೆಗೆಯುವ ಮುಂಚೆ ಒಂದು ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಎಂಜಿನಿಯರು ನೆಲದೊಳಗೆ ತುಂಬುವ ಆಕಾರವನ್ನೇ ನಮ್ಮ ಹಿರಿಯರು ತೆಗೆದು ಖಾಲಿ ಬಿಟ್ಟಿದ್ದರು. ಆ ಖಾಲಿಯೇ ಈಗ ನರಗುಂದಕ್ಕೆ ಮುಳುವಾಗಿದೆ. ಹಳೆಯ ಊರಿನ ಓಣಿಗಳಲ್ಲಿ ಕೆಲ ವರ್ಷಗಳಿಂದ ಇದ್ದಕ್ಕಿದ್ದಂತೆ ನೆಲ ಕುಸಿಯುತ್ತಿದೆ. ಒಮ್ಮೆ ರಸ್ತೆಯಲ್ಲಿ, ಒಮ್ಮೆ ಪಡಸಾಲಿಯಲ್ಲಿ, ಒಮ್ಮೆ ಅಡಿಗೆಮನೆಯಲ್ಲಿ. ಯಾರ ನೆನಪಿನಲ್ಲೂ ಉಳಿಯದ ಹಗೇವುಗಳು ಒಂದು ಕಡೆ, ಅಂತರ್ಜಲ ಮೇಲೇರಿ ಅವುಗಳ ಗೋಡೆ ನೆನೆಯುತ್ತಿರುವುದು ಇನ್ನೊಂದು ಕಡೆ. ಒಣಭೂಮಿಗೆ ಕಾಲುವೆ ಬಂದ ಮೇಲೆ ಈ ಸೀಮೆಗೆ ಸವಳು-ಜವಳೂ ಬಂತು.

ಆದ್ದರಿಂದ ಹಳೆ ಊರೊಳಗಿನ ಶೆಡ್ಡಿಗೆ ಗೋಡೆ ಏರಿಸುವವರು ಗೌಂಡಿಯನ್ನು ಕರೆಯುವ ಮುಂಚೆ ಓಣಿಯ ಅತಿ ಹಿರಿಯ ಮುದುಕಿಯನ್ನು ಕರೆಯುವುದು ಒಳ್ಳೆಯದು. ಹಗೇವು ಎಲ್ಲಿತ್ತೆಂದು ಯಾವ ಉತಾರದಲ್ಲೂ ಬರೆದಿಲ್ಲ. ಸಿಕ್ಕರೆ ಗರಸು ಹಾಕಿ, ಪದರ ಪದರವಾಗಿ ನೀರು ಹೊಡೆದು, ದಮ್ಮಸ್ಸು ಮಾಡಿ ತುಂಬಬೇಕು. ಮೇಲೊಂದು ಫರಸಿ ಮುಚ್ಚಿ ಮರೆಯುವುದಲ್ಲ.

ಪಾಯಕ್ಕಿಂತ ಅಗ್ಗದ ಇನ್ನೊಂದು ಕೆಲಸವಿದೆ, ಹೆಚ್ಚಿನವರು ಮಾಡುವುದಿಲ್ಲ. ಗೋಡೆಯ ಸುತ್ತ ಮಣ್ಣು ನೆನೆಯದಂತೆ, ಅತಿಯಾಗಿ ಒಣಗದಂತೆ ನೋಡಿಕೊಳ್ಳುವುದು. ಮನೆಯ ಸುತ್ತ ಆರು ಫೂಟು ಅಗಲ ಹೊರಮುಖದ ಇಳಿಜಾರಿನಲ್ಲಿ ಫರಸಿ ಹಾಸಿ, ಬಚ್ಚಲ ನೀರನ್ನು ದೂರ ಒಯ್ದರೆ ಎರಿಯ ಅರ್ಧ ಸಿಟ್ಟು ಇಳಿಯುತ್ತದೆ. ನಮ್ಮಲ್ಲಿ ಗೋಡೆಗೆ ಹತ್ತಿಕೊಂಡೇ ಬಚ್ಚಲು, ಬಚ್ಚಲ ನೀರಿಗೆ ಬಾಳೆಗಿಡ. ಬಾಳೆ ಚೆನ್ನಾಗಿ ಬರುತ್ತದೆ, ಗೋಡೆ ಬಿರಿಯುತ್ತದೆ.

*

ಈಗ ಅಳತೆ ಟೇಪಿನ ಮಾತು. ಭಾರತೀಯ ಮಾನಕ ಬ್ಯೂರೋ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. ಪರಿಷ್ಕರಣೆಯಾಗುತ್ತ ಬಂದ ಅದರ 2016ರ ಆವೃತ್ತಿ ನನ್ನ ಕೈಯಲ್ಲಿತ್ತು. ಅದೇ ನೇರವಾಗಿ ಕಾನೂನಲ್ಲ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಉಪವಿಧಿಯಲ್ಲಿ ಒಪ್ಪಿಕೊಂಡಷ್ಟು ಮಾತ್ರ ಕಟ್ಟುಪಾಡು. ಆದರೆ ‘ವಾಸಯೋಗ್ಯ’ ಎಂದರೆ ಏನು ಎಂದು ಕೇಳಿದರೆ ಅಂಕಿಯಲ್ಲಿ ಉತ್ತರ ಹೇಳುವ ಪುಸ್ತಕ ಅದು. ಒಂದು ಸಂಜೆ ಎತ್ತಿನ ಗೂಟಕ್ಕೆ ಒರಗಿ ಕೂತು ಅದರ ಅಂಕಿಗಳನ್ನು ಕಾಕಾನ ಶೆಡ್ಡಿಗೆ ಹಚ್ಚಿ ನೋಡಿದೆ.

ಎತ್ತರ ಮೊದಲು. ವಾಸದ ಕೋಣೆ 2.75 ಮೀಟರ್ ಎತ್ತರ ಇರಬೇಕು. ಇಳಿಜಾರು ಚಾವಣಿಯಾದರೆ ಸರಾಸರಿ ಅಷ್ಟು, ಅತಿ ತಗ್ಗಿನಲ್ಲಿ 2.4 ಮೀಟರ್‌ಗೆ ಕಡಿಮೆ ಇರಬಾರದು. ನಮ್ಮದು ಮುಂದೆ ಹತ್ತು ಫೂಟು, ಹಿಂದೆ ಎಂಟು; ಸರಾಸರಿ ಒಂಬತ್ತು ಫೂಟು, ಅಂದರೆ 2.743 ಮೀಟರ್. ಏಳು ಮಿಲಿಮೀಟರ್ ಕಡಿಮೆ! ಜೋಳದ ಕಾಳಿನಷ್ಟು. ಇಷ್ಟಕ್ಕೆ ಯಾರೂ ತಕರಾರು ಮಾಡಲಾರರೆಂದು ಖುಷಿಯಾಯಿತು.

ಮುಂದಿನ ಸಾಲಿನಲ್ಲಿ ಖುಷಿ ಇಳಿಯಿತು. ಮನೆಯ ನೆಲ ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿಲಿಮೀಟರ್, ಅಂದರೆ ಒಂದೂವರೆ ಫೂಟು ಎತ್ತರ ಇರಬೇಕು. ಶೆಡ್ಡಿಗೆ ಕಟ್ಟೆ ಇರುವುದಿಲ್ಲ. ಎತ್ತು ಮೆಟ್ಟಿಲು ಹತ್ತುವುದಿಲ್ಲವಲ್ಲ. ಒಳಗೆ ಒಂದೂವರೆ ಫೂಟು ತುಂಬಿದರೆ ಹಿಂದಿನ ಎತ್ತರ ಆರೂವರೆ ಫೂಟಿಗೆ ಇಳಿಯುತ್ತದೆ, 1.98 ಮೀಟರ್. ಸರಾಸರಿ ಏಳೂವರೆ ಫೂಟು, 2.29 ಮೀಟರ್. ಕಾಲು ಎತ್ತಿದರೆ ತಲೆ ತಾಗುತ್ತದೆ. ಶೆಡ್ಡನ್ನು ಮನೆ ಮಾಡುವ ಕೆಲಸದ ಅಸಲಿ ಗಂಟು ಇದೇ. ಎಲ್ಲೆಲ್ಲಿ ನೋಡಿದರೂ ಜನ ಈ ಗಂಟನ್ನು ಬಿಡಿಸುವ ಬದಲು ನೆಲವನ್ನು ಇದ್ದಲ್ಲೇ ಬಿಟ್ಟು ಟೈಲ್ಸ್ ಹಾಕಿಬಿಟ್ಟಿರುತ್ತಾರೆ. ಮೊದಲ ಮಳೆಗೆ ಅಂಗಳದ ರಾಡಿ ಒಳಗೆ ಬರುತ್ತದೆ, ಗೋಡೆಯ ಬುಡ ತಂಪೇರಿ ಬಣ್ಣ ಸುಲಿಯುತ್ತದೆ.

ಗೌಂಡಿಗೆ ಈ ಅಂಕಿಗಳನ್ನು ಓದಿ ಹೇಳಿದಾಗ ಅವನು ಪೈಪಿನ ಮೇಲಿನ ಕಂದು ಗೆರೆಗೆ ಬೆರಳಿಟ್ಟ. ‘ನಿಮ್ಮ ಪುಸ್ತಕದಾಗ ಒಂದೂವರಿ ಐತಿ. ಹೊಳಿ ಇಲ್ಲಿತನಕ ಬಂದೈತಿ. ಇದರ ಮ್ಯಾಲೆ ಒಂದ್ ಫೂಟ್ ಹಿಡೀರಿ.’ ಹಾಗೆ ಕಟ್ಟೆ ಎರಡೂವರೆ ಫೂಟಾಯಿತು. ಚಾವಣಿಯನ್ನು ಮೂರು ಫೂಟು ಎತ್ತುವುದೆಂದು ತೀರ್ಮಾನವಾಯಿತು: ಮುಂದೆ ಹದಿಮೂರು, ಹಿಂದೆ ಹನ್ನೊಂದು, ಕಟ್ಟೆ ಕಳೆದರೆ ಹತ್ತೂವರೆ ಮತ್ತು ಎಂಟೂವರೆ. ಹಳೆ ಪೈಪಿಗೆ ತುಂಡು ಬೆಸುಗೆ ಹಾಕಿ ಉದ್ದ ಮಾಡುವ ಯೋಚನೆಯೂ ಬಂತು. ಹುಗಿದ ಬುಡ ಕೆದರಿ ನೋಡಿದರೆ ತುಕ್ಕು ತಿಂದು ಚೂರು ಚೂರು ಉದುರುತ್ತಿತ್ತು. ಎರಿಯ ಉಪ್ಪು, ಎತ್ತಿನ ಗಂಜಳ ಎರಡೂ ಸೇರಿ ತಿಂದಿದ್ದವು. ಹೊಸ ಕಂಬಗಳೇ ಬಂದವು. ಹೀಗೆ ನೆಲ ಹೊಸದು, ಕಂಬ ಹೊಸದು, ಗೋಡೆ ಹೊಸದು. ಹಳೆ ಶೆಡ್ಡಿನದೆಂದು ಉಳಿದದ್ದು ಜಾಗ ಮತ್ತು ಒಂದಿಷ್ಟು ತಗಡು.

ಹೀಗಾದರೆ ಶೆಡ್ಡು ಮನೆಯಾಯಿತೋ, ಹೊಸ ಮನೆಯೇ ಎದ್ದಿತೋ? ಇಂಗ್ಲೆಂಡಿನಲ್ಲಿ 2014ರಿಂದ ಹಳೆಯ ಕಣಜ, ದನದ ಕೊಟ್ಟಿಗೆಗಳನ್ನು ಪೂರ್ಣ ಯೋಜನಾ ಅನುಮತಿಯ ಗೋಜಿಲ್ಲದೆ ಮನೆ ಮಾಡಿಕೊಳ್ಳಲು ಅವಕಾಶವಿದೆ. ಅಲ್ಲಿನ ಕೋರ್ಟು 2016ರಲ್ಲಿ ಒಂದು ಗೆರೆ ಎಳೆಯಿತು: ಇದ್ದ ಕಟ್ಟಡ ಬದಲಾಗಬೇಕೇ ಹೊರತು, ಅಸ್ಥಿಪಂಜರ ಉಳಿಸಿಕೊಂಡು ಹೊಸ ಮನೆ ಕಟ್ಟುವುದು ಪರಿವರ್ತನೆಯಲ್ಲ. ಆ ನ್ಯಾಯದಲ್ಲಿ ನೋಡಿದರೆ ನಮ್ಮ ಕಾಕಾ ಸೋತ. ಅಲ್ಲಿ ಒಬ್ಬನೇ ವಾಸಿಸುವ ಮನೆಗೂ 37 ಚದರ ಮೀಟರ್ ಜಾಗ ಬೇಕೆಂಬ ನಿಯಮವಿದೆ. ನಮ್ಮ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ಕನಿಷ್ಠ 25 ಚದರ ಮೀಟರ್, ಅದರಲ್ಲೇ ಅಡಿಗೆ. ಕಾಕಾನ ಶೆಡ್ಡು 18.6.

ಆದರೂ ಸಂಹಿತೆಯ ಅಂಕಿಗಳನ್ನು ಒಳಗೆ ಹೊಂದಿಸಿ ನೋಡಿದೆ. ಒಂದು ವಾಸದ ಕೋಣೆಗೆ 9.5 ಚದರ ಮೀಟರ್, ಅಂದಾಜು 102 ಚದರ ಫೂಟು, ಅಗಲ ಎಂಟು ಫೂಟಿಗೆ ಕಡಿಮೆ ಇಲ್ಲದಂತೆ. ಅಡಿಗೆಮನೆಗೆ 5 ಚದರ ಮೀಟರ್, 54 ಚದರ ಫೂಟು. ಕೂಡಿದ ಬಚ್ಚಲು-ಪಾಯಖಾನೆಗೆ 2.8 ಚದರ ಮೀಟರ್, 30 ಚದರ ಫೂಟು. ಒಟ್ಟು 186. ಶೆಡ್ಡು 200. ಕೂತಿತು ಅಂದುಕೊಂಡೆ, ಗೋಡೆಯ ದಪ್ಪ ಮರೆತಿದ್ದೆ. ಸುತ್ತ ಆರಿಂಚಿನ ಗೋಡೆ ಬಂದರೆ ಒಳಗೆ ಉಳಿಯುವುದು ಒಂಬತ್ತು-ಹತ್ತೊಂಬತ್ತು, 171. ಚಿಗವ್ವನೇ ದಾರಿ ತೋರಿಸಿದಳು: ‘ಬಚ್ಚಲಾ ಒಳಗ ಯಾಕ? ಹೊರಗ ಒಂದ್ ಮಗ್ಗಲಿಗೆ ಮಾಡ್ರಿ.’ ಬಚ್ಚಲು ಗೋಡೆಯಿಂದ ಸರಿದದ್ದು ಎರಿಗೂ ಒಳ್ಳೆಯದಾಯಿತು.

ಪಾಯಖಾನೆಯ ಗುಂಡಿಯ ಬಗ್ಗೆ ಒಂದೇ ಮಾತು. ಎರಿಯಲ್ಲಿ ನೀರು ಇಂಗುವುದಿಲ್ಲ. ಮಸಾರಿ ನೆಲದ ಊರಿನಲ್ಲಿ ನಡೆಯುವ ಇಂಗುಗುಂಡಿ ಇಲ್ಲಿ ಮಳೆಗಾಲಕ್ಕೆ ತುಂಬಿ ಹೊರಚೆಲ್ಲುತ್ತದೆ. ಗುಂಡಿಯ ಉಂಗುರದ ಸುತ್ತ ಒಂದು ಫೂಟು ದಪ್ಪ ಉಸುಕು-ಖಡಿ ತುಂಬಿದರೆ ಬಾಳುತ್ತದೆ.

*

ತಗಡಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂತವರಿಗೆ ಬಿಸಿಲ ವರ್ಣನೆ ಬೇಡ, ಕೂರದವರಿಗೆ ಹೇಳಿದರೂ ತಿಳಿಯದು. ಆರು ಬೇಸಿಗೆಯೂ ಚಿಗವ್ವ ಹಗಲು ಹೊತ್ತು ಬೇವಿನ ಗಿಡದ ಕೆಳಗೇ ಬದುಕಿದಳು. ಅಡಿಗೆ ಬೆಳಗಿನ ಆರಕ್ಕೇ ಮುಗಿಯುತ್ತಿತ್ತು.

ಅಜ್ಜನ ಮಾಳಿಗೆ ಮನೆಯಲ್ಲಿ ಇದು ಇರಲಿಲ್ಲ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಒಂದು ಫೂಟು ಮಣ್ಣು. ಅದೂ ಕಂಡಕಂಡ ಮಣ್ಣಲ್ಲ, ಹಾಳ ಮಣ್ಣು. ಹಳೆ ಕೋಟೆಯ, ಪಾಳುಬಿದ್ದ ಗ್ವಾಡಿಯ ಮಣ್ಣು. ಬಿರಿಯುವುದಿಲ್ಲ, ಸೋರುವುದಿಲ್ಲ. ಮಿರುಗದ ಮಳೆ ಹುಟ್ಟುವ ಮುಂಚೆ ಊರಿನ ಮಾಳಿಗೆಗಳ ಮೇಲೆಲ್ಲ ಬುಟ್ಟಿ ಹೊತ್ತ ಹೆಂಗಸರು, ಹೊಸ ಪದರದ ವಾಸನೆ. ನಡುವೆ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕಂಬ ನೋಡಿ ಅಜ್ಜಿ ಹೊತ್ತು ಹೇಳುತ್ತಿದ್ದಳು.

ಆದರೆ ಹಳೆಯದನ್ನು ಹಾಡಿ ಹೊಗಳುವವರ ಸಾಲಿಗೆ ನಾನು ಸೇರಲಾರೆ. ಮಳೆಯಲ್ಲಿ ನೆಂದ ಒಂದು ಫೂಟು ಮಣ್ಣು ಒಂದು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ವರ್ಷಾವರ್ಷ ಹೊಸ ಮಣ್ಣು ಹಾಕುತ್ತ ಹೋದವರು ಹಳೆಯದನ್ನು ಕೆದರಿ ತೆಗೆಯದಿದ್ದರೆ ಒಂದು ಫೂಟು ಎರಡಾಗುತ್ತದೆ, ಜಂತಿಯನ್ನು ಒಳಗಿಂದ ಗೆದ್ದಲು ತಿನ್ನುತ್ತಿರುತ್ತದೆ. ಜಡಿಮಳೆ ಹಿಡಿದ ವಾರದ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ‘ಮನೆ ಕುಸಿತ’ದ ಸುದ್ದಿ ತಪ್ಪದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸುಮಾರು 10 ಸಾವಿರ ಜನ ಸತ್ತದ್ದು ಇಂಥದ್ದೇ ಭಾರದ ಮಣ್ಣಿನ ಮಾಳಿಗೆಗಳ ಕೆಳಗೆ, ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳ ನಡುವೆ. ತಂಪು ಕೊಡುವುದೂ ಆ ಮಣ್ಣೇ, ಕೊಲ್ಲುವುದೂ ಅದೇ. ತಗಡು ಸುಡುತ್ತದೆ, ಆದರೆ ಮಲಗಿದವರನ್ನು ಹೂಳುವುದಿಲ್ಲ. 2019ರಲ್ಲಿ ಗ್ವಾಡಿ ಬಿದ್ದ ಸದ್ದು ಕೇಳಿದ ಕಾಕಾ ಆರ್‌ಸಿಸಿ ಬೇಡವೆಂದದ್ದು ದುಡ್ಡಿನ ಕಾರಣಕ್ಕೆ ಮಾತ್ರವಲ್ಲ.

ಹಾಗಾಗಿ ಚಾವಣಿ ತಗಡಿನದೇ ಉಳಿಯಿತು. ಹೊರಗೆ ಬಿಳಿ ಸುಣ್ಣದ ಲೇಪ, ಕೆಳಗೆ ಒಂದು ಫೂಟು ಬಿಟ್ಟು ಹಲಗೆಯ ಒಳಚಾವಣಿ, ನಡುವಿನ ಬಿಸಿಗಾಳಿ ಹೊರಹೋಗಲು ಎತ್ತರದ ಗೋಡೆಯ ತುದಿಯಲ್ಲಿ ಜಾಲರಿ. ಕಿಟಕಿಗೆ ಸಂಹಿತೆಯ ಲೆಕ್ಕ ಒಣ ಬಿಸಿಲ ಸೀಮೆಯಲ್ಲಿ ನೆಲದ ಹತ್ತನೇ ಒಂದು ಪಾಲು, ತೇವದ ಸೀಮೆಯಲ್ಲಿ ಆರನೇ ಒಂದು. ಇಷ್ಟು ದಿನ ಶೆಡ್ಡಿಗೆ ಕಿಟಕಿಯೇ ಇರಲಿಲ್ಲ. 102 ಚದರ ಫೂಟಿನ ಕೋಣೆಗೆ ಮೂರು ಫೂಟು ಅಗಲ, ಮೂರೂವರೆ ಎತ್ತರದ ಒಂದು ಕಿಟಕಿ ಹತ್ತನೇ ಪಾಲನ್ನು ಮುಟ್ಟುತ್ತದೆ. ಎದುರು ಗೋಡೆಗೂ ಒಂದು ಇಟ್ಟೆವು, ಗಾಳಿ ಹಾಯಲಿ ಎಂದು.

ಗಾಳಿ ಎಂದಾಗ ಗಜೇಂದ್ರಗಡ ನೆನಪಾಗುತ್ತದೆ. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಕಲ್ಲು ಕೈಗೆಟಕುವಲ್ಲಿದೆ, ಮಸಾರಿ ನೆಲ ಗಟ್ಟಿ, ಎರಿಯ ಕಾಟ ಕಡಿಮೆ. ಅಲ್ಲಿನ ಮಗ್ಗದ ಶೆಡ್ಡುಗಳಿಗೆ ನಿಜವಾದ ವೈರಿ ಮೇಲಿನಿಂದ ಬರುತ್ತದೆ. ಗಾಳಿ ತಗಡನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ, ಅಂಚುಗಳಲ್ಲಿ ಅತಿ ಜೋರು. ನಾಲ್ಕೂ ಕಡೆ ತೆರೆದ ಶೆಡ್ಡಿನಲ್ಲಿ ಗಾಳಿ ಹಾಯ್ದು ಹೋಗುತ್ತದೆ. ಮೂರು ಮಗ್ಗಲು ಮುಚ್ಚಿ ಒಂದು ತೆರೆದಿಟ್ಟರೆ ಗಾಳಿ ಒಳಗೆ ತುಂಬಿ ಕೆಳಗಿನಿಂದ ನೂಕುತ್ತದೆ, ಮೇಲಿನಿಂದ ಹೀರುತ್ತದೆ. ಗೋಡೆ ಕಟ್ಟಿ ಭದ್ರ ಮಾಡಿದೆವೆಂದುಕೊಂಡ ವರ್ಷವೇ ತಗಡು ಹಾರಿ ಪಕ್ಕದ ಓಣಿಗೆ ಬೀಳುವ ಗುಟ್ಟು ಇದು. ಅಂಚಿನ ಸಾಲಿನಲ್ಲಿ ಜೆ ಬೋಲ್ಟು ಒತ್ತೊತ್ತಾಗಿ ಹಾಕುವುದು, ಕಂಬದ ಬುಡಕ್ಕೆ ಕಾಂಕ್ರೀಟು ಕಟ್ಟುವುದು, ಇಷ್ಟಕ್ಕೆ ತಗಲುವ ದುಡ್ಡು ಹೆಚ್ಚೇನಲ್ಲ. ಮೇಲೆ ಕಲ್ಲು ಹೇರುವ ರೂಢಿ ಬಿಟ್ಟರೆ ಒಳ್ಳೆಯದು. ತಗಡು ಎದ್ದ ದಿನ ಆ ಕಲ್ಲು ಯಾರ ತಲೆಯ ಮೇಲೆ ಎಂದು ಗಾಳಿ ಕೇಳುವುದಿಲ್ಲ.

ಗಜೇಂದ್ರಗಡದ ನೇಕಾರರದು ಇನ್ನೊಂದು ಪೇಚು. ಅವರ ಶೆಡ್ಡು ಶೆಡ್ಡೂ ಹೌದು, ಮನೆಯೂ ಹೌದು. ಕುಣಿಮಗ್ಗದ ಕುಣಿಯ ಪಕ್ಕದಲ್ಲೇ ತೊಟ್ಟಿಲು. ಸಂಹಿತೆ ಕಟ್ಟಡಗಳನ್ನು ಬಳಕೆಯ ಮೇಲೆ ಗುಂಪು ಮಾಡುತ್ತದೆ: ವಾಸಕ್ಕೆ ಒಂದು, ಕೈಗಾರಿಕೆಗೆ ಒಂದು, ದಾಸ್ತಾನಿಗೆ ಇನ್ನೊಂದು. ಒಂದು ಗುಂಪಿನಿಂದ ಮತ್ತೊಂದಕ್ಕೆ ಹೋದರೆ ಹೊಸದಾಗಿ ಅನುಮತಿ. ಪಟ್ಟೇದಂಚಿನ ಸೀರೆ ನೇಯುವ ಕೋಣೆಯಲ್ಲೇ ಊಟ ಮಾಡಿ ಮಲಗುವವರು ಯಾವ ಗುಂಪು?

*

ಕಾಗದದ ಕೆಲಸಕ್ಕೆ ಪಾಯಕ್ಕಿಂತ ಹೆಚ್ಚು ದಿನ ಹಿಡಿಯಿತು. ಮೊದಲು ತಿಳಿಯಬೇಕಾದದ್ದು ಶೆಡ್ಡು ನಿಂತ ನೆಲ ಯಾವುದು. ಗಾವಠಾಣಾದ ಒಳಗಾದರೆ ಗ್ರಾಮ ಪಂಚಾಯ್ತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಕಟ್ಟಡಕ್ಕೆ ಅದರ ಅಪ್ಪಣೆ ಬೇಕೆನ್ನುತ್ತದೆ. ರೋಣ, ನರಗುಂದ, ಗಜೇಂದ್ರಗಡ ಪಟ್ಟಣಗಳಲ್ಲಾದರೆ ಪುರಸಭೆ. 1964ರ ಪುರಸಭೆಗಳ ಕಾಯ್ದೆಯ 187ನೇ ಕಲಂ. ಹೊಲದಲ್ಲಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಮಾತಾಡುತ್ತದೆ. ರೈತ ತನ್ನ ಹೊಲದಲ್ಲಿ ಒಕ್ಕಲುತನಕ್ಕೆ ಬೇಕಾದ ತೋಟದ ಮನೆ ಕಟ್ಟಿಕೊಳ್ಳಬಹುದು, ಹಿಡುವಳಿಯ ಹತ್ತನೇ ಒಂದು ಪಾಲು ಮೀರದಂತೆ. ಅದನ್ನು ದಾಟಿದರೆ ಕೃಷಿಯೇತರ, ಅಂದರೆ ಎನ್‌ಎ ಮಾಡಿಸಬೇಕು. ಗಜೇಂದ್ರಗಡದ ಗುಡ್ಡದ ಮಗ್ಗುಲಿನ ತಾಂಡಾಗಳವರಿಗೆ ಅದೇ ಕಾಯ್ದೆಯಲ್ಲಿ 94ಡಿ ಕಲಂ ಸೇರಿದ ಮೇಲೆ, ದಾಖಲೆಯೇ ಇಲ್ಲದ ವಸತಿಗಳಿಗೆ ಹಕ್ಕುಪತ್ರ ಸಿಗುವ ದಾರಿಯಾಯಿತು.

ನಮ್ಮ ಕಣ ಪಹಣಿಯಲ್ಲಿ ಹೊಲ, ಊರವರ ಬಾಯಲ್ಲಿ ಊರು. ಎತ್ತು ಕಟ್ಟುವತನಕ ಯಾರೂ ಕೇಳಿರಲಿಲ್ಲ. ವಿದ್ಯುತ್ ಮೀಟರಿಗೆ ಅರ್ಜಿ ಕೊಟ್ಟಾಗ ಪ್ರಶ್ನೆ ಬಂತು: ‘ಇದು ಶೆಡ್ಡೋ ಮನಿಯೋ?’ ಇ-ಸ್ವತ್ತಿನ ಉತಾರ ಕೇಳಿದಾಗ ಮತ್ತೆ ಅದೇ. ನಮೂನೆ 9 ಸಿಗುವುದು ಗಾವಠಾಣಾದ, ಇಲ್ಲವೇ ಎನ್‌ಎ ಆದ ಜಾಗಕ್ಕೆ. ಉಳಿದವಕ್ಕೆ ತೆರಿಗೆ ಕಟ್ಟಿಸಿಕೊಂಡು ಕೊಡುವುದು 11ಬಿ. ಕಾಕಾ ಕೊನೆಗೆ ತೋಟದ ಮನೆಯ ದಾರಿ ಹಿಡಿದ. ಹೊಲದವನು, ಒಕ್ಕಲುತನ ಮಾಡುವವನು, ಸುಳ್ಳೇನಿಲ್ಲ. ಸಾಲ ಕೊಡುವ ಬ್ಯಾಂಕಿಗೆ ಮಾತ್ರ ಆ ಸತ್ಯ ಸಾಲಲಿಲ್ಲ.

ವಸತಿ ಯೋಜನೆಯಲ್ಲಿ ಹೆಸರು ಬಂದಿದ್ದರೆ 1.20 ಲಕ್ಷ ರೂಪಾಯಿ ಕಂತಿನಲ್ಲಿ ಸಿಗಬಹುದಿತ್ತು. ಅಲ್ಲಿ ಇನ್ನೊಂದು ಸೊಗಸು. ಹಣ ಬಿಡುವುದು ಫೋಟೋ ನೋಡಿ: ಮೊದಲು ಪಾಯ, ಆಮೇಲೆ ಕಿಟಕಿಯ ಮೇಲ್ಮಟ್ಟ, ಆಮೇಲೆ ಚಾವಣಿ, ಕೊನೆಗೆ ಪೂರ್ಣಗೊಂಡ ಮನೆ. ಊರವರ ಬಾಯಲ್ಲಿ ಇದಕ್ಕೆ ‘ಜಿಪಿಎಸ್ ಮಾಡಿಸೋದು’ ಎಂದೇ ಹೆಸರು. ಶೆಡ್ಡಿನವನಿಗೆ ಚಾವಣಿ ಮೊದಲೇ ಇರುತ್ತದೆ, ಪಾಯ ಕೊನೆಗೆ ಬರುತ್ತದೆ. ಮೊಬೈಲಿನ ಆ ಕ್ರಮದೊಳಗೆ ಮೇಲಿನಿಂದ ಕೆಳಕ್ಕೆ ಕಟ್ಟುವವನಿಗೆ ಜಾಗವಿಲ್ಲ. ಫೋಟೋಕ್ಕಾಗಿ ಇರುವ ನೆರಳನ್ನೂ ಕಿತ್ತು, ಬಯಲಲ್ಲಿ ಪಾಯ ತೋರಿಸಿದವರನ್ನು ನಾನು ಕಂಡಿದ್ದೇನೆ. ಮಳೆ ಬಂದರೆ ಅವರೆಲ್ಲ ಗುಡಿಯಲ್ಲಿ ಮಲಗುತ್ತಾರೆ. ಆರು ವರ್ಷ ತಗಡಿನ ಕೆಳಗೆ ಬಾಳಿದವರು ಅದನ್ನೇ ಹಂತಹಂತವಾಗಿ ಮನೆ ಮಾಡಿಕೊಳ್ಳುವುದಕ್ಕೆ ಒಂದು ಅರ್ಜಿ, ಒಂದು ನಕ್ಷೆ, ಒಂದು ಕಂತು ಯಾಕಿಲ್ಲವೋ ತಿಳಿಯದು. ಈ ಮೂರು ತಾಲ್ಲೂಕುಗಳಲ್ಲಿ ಮನೆಗಳು ನಿಜವಾಗಿ ಬೆಳೆಯುವುದು ಹಾಗೆಯೇ.

*

ಗೋಡೆಗೆ ನೀರುಣಿಸುವ ಕೆಲಸ ಮುಗಿಯುವ ಹೊತ್ತಿಗೆ ಗ್ವಾದಲಿ ಏನು ಮಾಡುವುದೆಂಬ ಪ್ರಶ್ನೆ ಬಂತು. ಒಂದೇ ಕಲ್ಲಿನಲ್ಲಿ ಕಡೆದದ್ದು, ಅಜ್ಜನ ಕಾಲದ್ದು. ಗೌಂಡಿ ಒಡೆದು ಕಟ್ಟೆಗೆ ತುಂಬೋಣವೆಂದ. ಚಿಗವ್ವ ಒಪ್ಪಲಿಲ್ಲ. ಎಂಟು ಜನ ಸೇರಿ ಹಗ್ಗ ಹಾಕಿ ಎಳೆದು ಹೊರಗೆ ತಂದೆವು. ಕಟ್ಟೆಯ ಮುಂದೆ ಮಗುಚಿ ಹಾಕಿ ಮೆಟ್ಟಿಲು ಮಾಡುವ ನನ್ನ ಸಲಹೆ ಎಲ್ಲರಿಗೂ ಚಂದ ಕಂಡಿತು, ಕಾಕಾ ಒಬ್ಬನನ್ನು ಬಿಟ್ಟು.

ಅವನು ಬೇವಿನ ಗಿಡದ ಕೆಳಗೆ ನಿಂತು ಚಾವಣಿಯಿಂದ ಇಳಿಸಿದ ಹಳೆ ಪತ್ರಾಸುಗಳನ್ನು ಎಣಿಸುತ್ತಿದ್ದ. ತೂತು ಬಿದ್ದವನ್ನು ಒಂದು ಕಡೆ, ಗಟ್ಟಿಯಾದವನ್ನು ಒಂದು ಕಡೆ. ಏಳು ಉಳಿದವು. ‘ಎತ್ತು ಎಲ್ಲಿ ಕಟ್ಟಬೇಕೋ ತಮ್ಮಾ’ ಎಂದು ಹಿತ್ತಲಿನ ಕಡೆ ನಡೆದು, ಹೆಜ್ಜೆಯಲ್ಲೇ ಜಾಗ ಅಳೆಯತೊಡಗಿದ.